ತಮ್ಮನ ಎದುರು ಕೂರಲು ಅರವತ್ತು ಎಲೆ

ತಮ್ಮ ಜಗಳವಾಡಿದ್ದರೆ ಎಷ್ಟೋ ಮೇಲಿತ್ತು. ಅವನು ನಾಲ್ಕು ಮಾತು ಬೈದು ಬಾಗಿಲು ಧಡಾರನೆ ಹಾಕಿದ್ದರೆ, ಅಕ್ಕನೂ ನಾಲ್ಕು ಮಾತಾಡಿ ಸಂಜೆಗೆಲ್ಲ ಸರಿಹೋಗುತ್ತಿತ್ತು. ಅವನು ಮಾತನ್ನೇ ಬಿಟ್ಟುಬಿಟ್ಟ. ಆಗಿದ್ದಿಷ್ಟೆ: ಕೋಣೆಗೆ ಬಣ್ಣ ಬಳಿಸುವ ಗಡಿಬಿಡಿಯಲ್ಲಿ ಅಕ್ಕ ಅವನ ಮಂಚದಡಿಯ ಬೂಟಿನ ಡಬ್ಬಿಯನ್ನು ರದ್ದಿಗೆ ಹಾಕಿದ್ದಳು. ಅದರಲ್ಲಿದ್ದದ್ದು ಅವನು ಹದಿಮೂರನೇ ವಯಸ್ಸಿನಿಂದ ಕೂಡಿಟ್ಟ ಆಟದ ಎಲೆಗಳು; ಇಸ್ಪೀಟಲ್ಲ, ಪ್ರಾಣಿ, ಡ್ರಾಗನ್‌ಗಳ ಚಿತ್ರವಿರುವ, ಕೊಂಡು ಕೂಡಿಸಿ ಎದುರುಬದುರು ಆಡುವಂಥವು. ಈಗ ಅವನಿಗೆ ಇಪ್ಪತ್ತಾರು, ಲಿಫ್ಟ್ ರಿಪೇರಿಯ ಕೆಲಸ. ಅಮ್ಮ ಹೋದ ಮೇಲೆ ಹೊಲಿಗೆ ಮೆಶಿನ್ ತುಳಿದು ಅವನನ್ನು ಓದಿಸಿದವಳು ಈ ಅಕ್ಕನೇ. ಮೂರು ತಿಂಗಳಿಂದ ಒಂದೇ ಮೇಜಿನಲ್ಲಿ ಊಟ ಮಾಡಿದರೂ ಅವಳಿಗೆ ಸಿಗುತ್ತಿದ್ದದ್ದು "ಹ್ಞೂಂ", "ಬೇಡ" ಎರಡೇ.

ಅವಳು ತಪ್ಪಾಯಿತು ಅಂದಿದ್ದಳು. ಅವನು "ಹೋಗ್ಲಿ ಬಿಡು" ಅಂದಿದ್ದ. ಹೋಗಲಿ ಅಂದಮೇಲೆ ಹೋಗಬೇಕಲ್ಲ, ಅದು ಹೋಗಲೇ ಇಲ್ಲ.

ಅಂಥದ್ದೇ ಇನ್ನೊಂದು ಡಬ್ಬಿ ತಂದುಕೊಟ್ಟರಾಯಿತು ಎಂದು ಒಂದು ಮಧ್ಯಾಹ್ನ ಅಕ್ಕ, ಅವನು ಭಾನುವಾರ ತಪ್ಪದೆ ಆಡಲು ಹೋಗುವ ಅಂಗಡಿಯನ್ನು ಹುಡುಕಿಕೊಂಡು ಹೋದಳು. ಸೈಕಲ್ ಅಂಗಡಿಯ ಮೇಲಿನ ಮಹಡಿ. ಕನ್ನಡಕದ ಹುಡುಗಿಯೊಬ್ಬಳು ಗಲ್ಲಾದಲ್ಲಿ ಕೂತಿದ್ದಳು.

"ಒಂದು ಡಬ್ಬಿ ತುಂಬ ಎಲೆ ಕೊಡಮ್ಮ."

"ಯಾವ ಎಲೆ ಅಕ್ಕಾ?"

"ಯಾವ್ದಾದ್ರೂ ಸರಿ. ಚೆನ್ನಾಗಿರೋದು."

ಹುಡುಗಿ ಗಾಜಿನ ಕಪಾಟಿನಲ್ಲಿದ್ದ ಒಂದೇ ಒಂದು ಎಲೆಯನ್ನು ತೋರಿಸಿದಳು. ಅದರ ಕೆಳಗಿನ ಬೆಲೆಯ ಚೀಟಿಯನ್ನು ಅಕ್ಕ ಎರಡೆರಡು ಸಲ ಓದಿದಳು. ಒಂದು ತಿಂಗಳ ಹೊಲಿಗೆಯ ದುಡಿಮೆ! ಅಂಗೈಯಗಲದ ಕಾಗದಕ್ಕೆ! ತಾನು ತೂಕಕ್ಕೆ ಹಾಕಿದ ಡಬ್ಬಿಯಲ್ಲಿ ಇಂಥವು ಎಷ್ಟಿದ್ದವೋ.

ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗುವಾಗ ಒಳಗಿನ ಮೇಜುಗಳು ಕಂಡವು. ಪ್ರತಿಯೊಂದಕ್ಕೂ ಎದುರುಬದುರು ಎರಡು ಕುರ್ಚಿ.

"ಆಡುವಾಗ ಮಾತಾಡ್ಲೇಬೇಕಾ?"

"ಮತ್ತೆ? ಯಾವ ಎಲೆ ಇಟ್ರೂ ಬಾಯಿಬಿಟ್ಟು ಹೇಳ್ಬೇಕು. ಎದುರಿನೋರು 'ಸರಿ' ಅನ್ಬೇಕು. ಮೂಕಾಟ ನಡಿಯಲ್ಲ."

"ಎಷ್ಟು ಹೊತ್ತು?"

"ಒಂದು ಸುತ್ತಿಗೆ ಮೂರು ಆಟ, ಐವತ್ತು ನಿಮಿಷ."

ಅಕ್ಕ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟಳು. "ಹಾಗಾದ್ರೆ ನಂಗೇ ಒಂದು ಕಟ್ಟು ಮಾಡ್ಕೊಡು. ಭಾನುವಾರದ ಪಂದ್ಯಕ್ಕೆ ಕೂರೋ ಅಂಥದ್ದು. ಆದರೆ ಅಗ್ಗದ್ದು."

ಹುಡುಗಿ ನಗಲಿಲ್ಲ. ಅರವತ್ತು ಎಲೆ ಬೇಕು, ಒಂದೇ ಎಲೆ ನಾಲ್ಕಕ್ಕಿಂತ ಹೆಚ್ಚು ಹಾಕುವಂತಿಲ್ಲ ಎಂದಳು. ಎರಡು ಬಣ್ಣದ ಎಲೆ ಬೆರೆಸುವುದು ದುಬಾರಿ, ಕೆಂಪೊಂದೇ ಸಾಕು. ಸಣ್ಣ ಸಣ್ಣ ಪ್ರಾಣಿಗಳು, ಬೇಗ ಹೊಡೆಯುವಂಥವು.

"ಡ್ರಾಗನ್ ಬೇಡ್ವಾ?"

"ಡ್ರಾಗನ್ ಎದ್ದು ಬರೋಷ್ಟರಲ್ಲಿ ಆಟಾನೇ ಮುಗಿದಿರುತ್ತೆ ಅಕ್ಕಾ."

ಇಪ್ಪತ್ತು ಎಲೆ ಬರೀ ಪ್ರಾಣಿಗಳನ್ನು ಆಟಕ್ಕಿಳಿಸುವ ಇಂಧನಕ್ಕೆ, ಅದಕ್ಕೆ ನಾಲ್ಕರ ಮಿತಿಯಿಲ್ಲ ಅಂದಾಗ ಅಕ್ಕನಿಗೆ ದಂಡವೆನ್ನಿಸಿತು. ಹತ್ತು ತೆಗೆಸಿ ಹೊಡೆಯುವ ಪ್ರಾಣಿಗಳನ್ನು ತುಂಬಿಸಿದಳು. ಆಡಿ ನೋಡಿದರೆ ಕೈತುಂಬ ಪ್ರಾಣಿ, ಒಂದನ್ನೂ ಇಳಿಸಲು ಇಂಧನವಿಲ್ಲ. ತೆಪ್ಪಗೆ ವಾಪಸ್ ಹಾಕಿದಳು.

ಮೂರು ವಾರ, ಕಾಜಾ ಹೊಲಿಯುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನ ಅಂಗಡಿಗೆ ಹೋಗಿ ಕಲಿತಳು. ಕಲಿತಷ್ಟೂ ತಲೆ ಗೊಂದಲದ ಗೂಡಾಯಿತು. ಎಲೆ ಅಡ್ಡ ಮಲಗಿಸಿದರೆ ಅದಕ್ಕೆ ಸುಸ್ತು. ನೆಟ್ಟಗೆ ಮಾಡಿದರೆ ಮತ್ತೆ ಶಕ್ತಿ.

"ಇದು ನಾಯಿನಾ, ಸಿಡಿಲಾ?"

"ನಾಯೀನೇ. ಸತ್ತಾಗ ಸಿಡಿಲಾಗುತ್ತೆ."

"ಸತ್ತ ಮೇಲೂ ಕೆಲ್ಸಾನಾ!"

ಪಂದ್ಯದ ಭಾನುವಾರ ಹದಿನಾರು ಜನ ಸೇರಿದ್ದರು. ಮೆಟ್ಟಿಲು ಹತ್ತಿ ಬಂದ ಅಕ್ಕನನ್ನು ನೋಡಿ ತಮ್ಮ ಒಂದು ಕ್ಷಣ ಕಲ್ಲಾದ. ಆಮೇಲೆ ತಲೆ ತಗ್ಗಿಸಿ, ಡಬ್ಬಿಯಲ್ಲಿರದೆ ಚೀಲದಲ್ಲಿದ್ದು ಉಳಿದಿದ್ದ ತನ್ನ ಕಟ್ಟಿನ ಎಲೆ ಕಲಸತೊಡಗಿದ. ಅವನು ಬೇರೆ ಮೇಜು, ಇವಳು ಬೇರೆ ಮೇಜು. ಮೊದಲ ಸುತ್ತಿನಲ್ಲಿ ಅಕ್ಕ ಹೊಡೆಯುವುದನ್ನೇ ಮರೆತು ಸೋತಳು. ಎರಡನೆಯದರಲ್ಲಿ ನೆನಪಿಟ್ಟು ಹೊಡೆದೂ ಸೋತಳು. ಮೂರನೇ ಸುತ್ತಿನಲ್ಲಿ ಸೋತವರಿಗೆ ಸೋತವರೇ ಎದುರಾಳಿ. ಎಂಟನೇ ಮೇಜಿಗೆ ಹೋದರೆ ಅಲ್ಲಿ ತಮ್ಮ ಕೂತಿದ್ದ.

"ಯಾವತ್ತೂ ಮೊದಲ ನಾಲ್ಕರೊಳಗೆ ಇರ್ತಾನೆ. ಇವತ್ತು ಏನಾಯ್ತೋ, ಎರಡೂ ಸೋತ," ಎಂದು ಕನ್ನಡಕದ ಹುಡುಗಿ ಕಿವಿಯಲ್ಲಿ ಹೇಳಿಹೋದಳು. ಅಕ್ಕ ಕುರ್ಚಿ ಎಳೆದುಕೊಂಡಳು. ಬೇಕಂತಲೇ ಸೋತನೇ? ಇಲ್ಲಾ ತನ್ನನ್ನು ಕಂಡು ಆಟ ಕೆಟ್ಟಿತೇ?

"ದಾಳ ಹಾಕಕ್ಕಾ," ಎಂದ ತಮ್ಮ, ಯಾರ ಸರದಿ ಮೊದಲೆಂದು ತೀರ್ಮಾನಿಸುವ ದಾಳವನ್ನು ಅವಳತ್ತ ತಳ್ಳುತ್ತ.

ಅಕ್ಕಾ! ಅಷ್ಟಕ್ಕೇ ಅವಳ ಕಣ್ಣು ಮಂಜಾಗಿ ದಾಳದ ಚುಕ್ಕೆ ಕಾಣಲಿಲ್ಲ. ಎಲೆ ಇಡುವುದು, ಹೆಸರು ಹೇಳುವುದು, "ಸರಿನಾ?", "ಸರಿ." ಹೀಗೆ ಸಾಗಿತು. ಐದನೇ ಸರದಿಯಲ್ಲಿ ಅವಳು ಏನೂ ತೋಚದೆ "ಮುಗೀತು" ಅಂದಳು.

"ಮುಗಿದಿಲ್ಲ. ನಿನ್ನ ನಾಯಿಗೆ ಸುಸ್ತಾಗಿಲ್ಲ ನೋಡು. ಹೊಡಿ."

"ಹೊಡೆದ್ರೆ ನಿಂಗೆ ಪೆಟ್ಟಲ್ವೇನೋ?"

"ಪೆಟ್ಟೇ. ಹೊಡಿ."

ಅವಳು ಹೊಡೆದಳು. ಆ ಆಟ ಅವಳು ಗೆದ್ದಳು. ಮುಂದಿನ ಎರಡನ್ನೂ ಅವನು ಮುಲಾಜಿಲ್ಲದೆ ಗೆದ್ದ. ಎಲೆ ಜೋಡಿಸುತ್ತ ಅಕ್ಕ ತಡೆಯಲಾರದೆ ಕೇಳಿದಳು, "ಮೊದಲಿನ ಎರಡು ಬೇಕಂತ ಸೋತ್ಯಾ?"

"ಇಂಧನ ಬರ್ಲಿಲ್ಲ," ಎಂದ, ದಾಳವನ್ನು ನೋಡುತ್ತ.

"ಆ ಡಬ್ಬೀಲಿ ತುಂಬಾ ಬೆಲೆಯವು ಇದ್ವಾ ಮರಿ?"

"ಬೆಲೆಯವು ಎಲ್ಲಿಂದ ಬರ್ಬೇಕು. ಬೆಲೆಗಲ್ಲ ಅಕ್ಕಾ." ಅವನು ತನ್ನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ. "ಹದಿಮೂರು ವರ್ಷ ಅದು ಮಂಚದ ಕೆಳಗಿತ್ತು. ಇದೇನೋ ಅಂತ ನೀನು ಒಂದ್ಸಲಾನೂ ಕೇಳ್ಲಿಲ್ಲ."

ಅಕ್ಕ ಜೋಡಿಸಿದ ಎಲೆಗಳನ್ನೇ ಮತ್ತೆ ಜೋಡಿಸಿದಳು. ನಿಜವೇ, ಕೇಳಿರಲಿಲ್ಲ. ಆದರೆ ಹೊಟ್ಟೆಗೆ, ಬಟ್ಟೆಗೆ, ಫೀಸಿಗೆ ಓಡಾಡುವ ಗಡಿಬಿಡಿಯಲ್ಲಿ ಇಂಥದ್ದನ್ನೂ ಕೇಳಬೇಕೆಂದು ಯಾರಿಗೆ ಗೊತ್ತಿರುತ್ತದೆ? ತಪ್ಪು ತನ್ನದೋ, ಅವನದೋ, ತೂಗಿ ನೋಡಿದರೂ ತಿಳಿಯಲಿಲ್ಲ.

ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು.

"ಆ ನಾಯಿ ಮುಂದಿನ ತಿಂಗಳಿಂದ ಪಂದ್ಯದಲ್ಲಿ ನಡಿಯಲ್ಲ, ಗೊತ್ತಾ?" ಎಂದ ತಮ್ಮ.

"ನಡಿಯಲ್ಲ ಅಂದ್ರೆ? ಈಗ ತಾನೇ ನಾಲ್ಕು ತಗೊಂಡಿದೀನಲ್ಲೋ!"

ಅವನು ಯಾಕೆಂದು ಹೇಳತೊಡಗಿದ. ಯಾವುದೋ ಹಳೆಯ ಕಂತಿನ ಎಲೆಗಳು, ಯಾವುದೋ ಹೊಸ ನಿಯಮ. ಬೀದಿ ದಾಟಿ, ಬಸ್‌ಸ್ಟಾಪ್ ದಾಟಿದರೂ ಹೇಳುತ್ತಲೇ ಇದ್ದ. ಅಕ್ಕನಿಗೆ ಒಂದಕ್ಷರ ಅರ್ಥವಾಗಲಿಲ್ಲ. "ಹೌದಾ? ಆಮೇಲೆ?" ಎನ್ನುತ್ತ ಅವನ ಜೊತೆ ಹೆಜ್ಜೆ ಹಾಕಿದಳು.