ಸೇರಿಸಿ ಬರೆದ ಗಂಟೆ

ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಕಲ್ಲುಹಲಗೆ ತೂಗುಹಾಕಿದೆ. ಅತ್ತೆಯ ಕಾಲದ್ದು. ಕಡಲು ಇಳಿದಾಗ ತೆರೆದುಕೊಳ್ಳುವ ಮರಳು ದಾಟಿ ಓರಸೆ ದ್ವೀಪಕ್ಕೆ ಹೋಗುವವರಿಗೆ ನಮ್ಮದೇ ಕೊನೆಯ ಮನೆ. ಹಾಗಾಗಿ ಕಡಲು ಪೂರ್ತಿ ಇಳಿಯುವುದು ಎಷ್ಟು ಗಂಟೆಗೆ ಎಂದು ಸೀಮೆಸುಣ್ಣದಲ್ಲಿ ಬರೆದಿಡುವುದು ಈ ಮನೆಯ ಹೆಂಗಸಿನ ಕೆಲಸ. ಅದಕ್ಕೊಂದು ಕಟ್ಟಳೆ ಇದೆ. ಇಳಿತದ ಪುಸ್ತಕ ವರ್ಷವಿಡೀ ಚಳಿಗಾಲದ ಗಂಟೆಯನ್ನೇ ಹೇಳುತ್ತದೆ. ಮಾರ್ಚ್ ಕೊನೆಗೆ ಬೇಸಿಗೆಯ ಲೆಕ್ಕಕ್ಕೆಂದು ಇಲ್ಲಿ ನಾವು ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತೇವೆ, ಪುಸ್ತಕ ತಿರುಗುವುದಿಲ್ಲ. ಹಲಗೆಯ ಮೇಲೆ ಪುಸ್ತಕದಲ್ಲಿದ್ದದ್ದನ್ನೇ ಬರೆಯಬೇಕು. ಒಂದು ಗಂಟೆ ಸೇರಿಸಿಕೊಳ್ಳುವುದು ದಾಟುವವರ ಜವಾಬ್ದಾರಿ. "ಹಲಗೆ ಪುಸ್ತಕದ್ದು, ಗಡಿಯಾರ ನಿನ್ನದು" ಎಂದು ಅತ್ತೆ ಹೇಳುತ್ತಿದ್ದರು.

ಆ ಮಂಗಳವಾರ ನಾನು ಸೇರಿಸಿ ಬರೆದೆ.

ಗಡಿಯಾರ ತಿರುಗಿಸಿ ಒಂಬತ್ತು ದಿನವಾಗಿತ್ತು. ಅಮಾವಾಸ್ಯೆಯ ದೊಡ್ಡ ಇಳಿತ ಬರುವವರೆಗೆ ಮರಳು ದಾಟಲಾಗುವುದಿಲ್ಲವಾದ್ದರಿಂದ ಗಡಿಯಾರ ತಿರುಗಿಸಿದ ಮೇಲೆ ಹಲಗೆಗೆ ಅದೇ ಮೊದಲ ಬರಹ. ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಎಂಟೂವರೆಗೆ ಮನೆಗೆ ಬಂದೆ. ನನ್ನ ಗಂಡ ರೂರಿ ಹಡಗಿನ ಕೆಲಸಕ್ಕೆ ಹೋಗಿ ನಾಲ್ಕು ದಿನ. ಪುಸ್ತಕದಲ್ಲಿ ಹನ್ನೊಂದು ನಲವತ್ತು ಎಂದಿತ್ತು. ಹನ್ನೆರಡು ನಲವತ್ತು ಎಂದು ಬರೆದು, ಸೀಮೆಸುಣ್ಣದ ಕೈಯನ್ನು ಕೋಟಿಗೆ ಒರೆಸಿಕೊಂಡು ಗಂಜಿಗೆ ನೀರಿಟ್ಟೆ. ಯೋಚಿಸಿ ಬರೆದದ್ದಲ್ಲ. ನಿದ್ದೆಗೆಟ್ಟ ಕೈ ತನ್ನಷ್ಟಕ್ಕೆ ಲೆಕ್ಕ ಮಾಡಿಬಿಟ್ಟಿತ್ತು.

ಮಗಳು ಪೇಗಿಗೆ ಒಂಬತ್ತು ವರ್ಷ. ಶಾಲೆಗೆ ರಜೆ. ಓಟ್ಸ್ ಗಂಜಿ ಮುಂದಿಟ್ಟರೆ ಚಮಚ ಮೇಲೆತ್ತಿ ಹಕ್ಕಿಯಂತೆ ಹಾರಿಸುತ್ತಿದ್ದಳು.

"ಅಮ್ಮಾ, ಟಿಟ್ಟಿಭ ಮೊಟ್ಟೆ ಇಟ್ಟಿದಾವೆ ಓರಸೆಲಿ. ಲಾಕ್ಲನ್ ಅಜ್ಜ ಹೇಳ್ದ್ರು. ಮನುಷ್ಯ ಬಂದ್ರೆ ಟಿಟ್ಟಿಭ ಏನ್ ಮಾಡುತ್ತೆ ಹೇಳು?"

"ಏನ್ ಮಾಡುತ್ತೆ?"

"ಸದ್ದೇ ಮಾಡದೆ ಗೂಡಿಂದ ಓಡಿಹೋಗಿ, ದೂರ ಹೋದ್ಮೇಲೆ ಎರಡೇ ಎರಡು ಸಲ ಕೂಗುತ್ತೆ. ಕಾಡುಕಾಗೆ ಬಂದ್ರೆ ಮಾತ್ರ ಎಲ್ಲಾ ಸೇರ್ಕೊಂಡು ಬಿಡದೆ ಬಯ್ತಾವೆ, ಮೇಲೆ ಕೆಳಗೆ ಮೇಲೆ ಕೆಳಗೆ. ಕೇಳ್ತಿದೀಯಾ?"

"ಹೂಂ, ಕೇಳ್ತಿದೀನಿ. ಗಂಜಿ ತಿನ್ನು."

ಹತ್ತೂಮುಕ್ಕಾಲಿಗೆ ಲಾಕ್ಲನ್ ಬಂದ. ನೆರೆಮನೆಯ ಎಪ್ಪತ್ತಾರರ ಮುದುಕ, ಕುರಿ ಮಾರಿದ ಮೇಲೆ ಹಕ್ಕಿ ಎಣಿಸುವುದೊಂದೇ ಕಸುಬು. ಮಳೆ ಬರಲಿ ಗಾಳಿ ಬರಲಿ, ದಿನಾ ಒಂದೇ ದಾರಿ, ಒಂದೇ ನೋಟ್‌ಬುಕ್ಕು. ಹೆಬ್ಬಾತುಗಳು ಉತ್ತರಕ್ಕೆ ಹೊರಡುವ ಮೊದಲು ಓರಸೆಯಲ್ಲಿ ಕೊನೆಯ ಎಣಿಕೆ ಮಾಡಬೇಕಿತ್ತು. ತಾನೂ ಜೊತೆಗೆ ಹೋಗಬೇಕೆಂದು ಪೇಗಿಗೆ ವಾರದಿಂದ ಅದೇ ಜಪ.

"ಏನಮ್ಮಾ ಕಿರ್ಸ್ಟಿ, ನಿನ್ನ ಮುಖ ನೋಡಿದ್ರೆ ಆಶ್ರಮದ ಮುದುಕರೇ ನಿನ್ನ ನೋಡ್ಕೊಂಡ ಹಾಗಿದೆ," ಎಂದ.

"ನಿನಗೂ ಒಂದು ಮಂಚ ಖಾಲಿ ಇಟ್ಟಿದೀನಿ ಬಾ."

"ನಾನ್ ಬಂದ್ರೆ ಅಲ್ಲಿ ಗುಬ್ಬಿ ಎಣಿಸ್ಬೇಕು. ಬ್ಯಾಡಪ್ಪ."

"ಎರಡೂವರೆ ಒಳಗೆ ಮಗೂನ ಮನೆಗೆ ತಂದುಬಿಡು."

ಅದನ್ನು ಅವನು ಕೇಳಿಸಿಕೊಂಡನೋ ಇಲ್ಲವೋ. ಕಿವಿ ಅಷ್ಟಕ್ಕಷ್ಟೆ. ಪೇಗಿ ಆಗಲೇ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಹಲಗೆಯ ಮುಂದೆ ನಿಂತಿದ್ದಳು. ನಾನು ಮಲಗಿದೆ.

ಎಚ್ಚರವಾದಾಗ ಕೋಣೆಯ ಬೆಳಕು ಸರಿಯಿರಲಿಲ್ಲ. ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ. ಕಿಟಕಿಯಾಚೆ ಕಡಲಮಂಜು ಬಂದು ಕುಳಿತಿತ್ತು, ಬೇಲಿಯ ಗೂಟವೂ ಕಾಣದಷ್ಟು. ಅಡುಗೆಮನೆಯಲ್ಲಿ ಮಗುವಿನ ಬೂಟಿಲ್ಲ. ಲಾಕ್ಲನ್ ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಡುತ್ತಿರಬೇಕು ಎಂದುಕೊಂಡು ಬಾಗಿಲು ತೆಗೆದೆ.

ಹಲಗೆಯ ಮೇಲೆ ನನ್ನ ಹನ್ನೆರಡು ನಲವತ್ತರ ಕೆಳಗೆ, ಪೇಗಿಯ ದುಂಡು ಅಕ್ಷರದಲ್ಲಿ ಒಂದು ಲೆಕ್ಕ ಇತ್ತು. ಕೂಡುವ ಗುರುತು, ಒಂದು. ಅದರಡಿ ಗೆರೆ. ಗೆರೆಯ ಕೆಳಗೆ ಒಂದು ನಲವತ್ತು. ಉತ್ತರದ ಪಕ್ಕ ಒಂದು ಪುಟ್ಟ ಹಕ್ಕಿಯ ಚಿತ್ರ.

ನಾನು ಸೇರಿಸಿಯಾಗಿದ್ದ ಗಂಟೆಯನ್ನು ಅವಳು ಮತ್ತೊಮ್ಮೆ ಸೇರಿಸಿದ್ದಳು. ಕಡಲು ಪೂರ್ತಿ ಇಳಿದ ಮೇಲೆ ಎರಡು ತಾಸು ಮರಳು ನಮ್ಮದು, ಆಮೇಲೆ ಕಡಲಿನದು. ಅವರ ಲೆಕ್ಕಕ್ಕೆ ಇನ್ನೂ ಮುಕ್ಕಾಲು ಗಂಟೆಗಿಂತ ಹೆಚ್ಚಿತ್ತು. ನಿಜವಾಗಿ ಹತ್ತು ನಿಮಿಷದ ಹಿಂದೆಯೇ ಮುಗಿದಿತ್ತು. ನಮ್ಮ ಮರಳಿನಲ್ಲಿ ನೀರು ಎದುರಿನಿಂದ ಬರುವುದಿಲ್ಲ. ಮನೆಯ ಕಡೆಗೇ ಒಂದು ಕಾಲುವೆಯಿದೆ, ಮೊದಲು ಅದು ತುಂಬುತ್ತದೆ. ನಡುವೆ ನಿಂತವನಿಗೆ ಕಾಲಡಿ ಒಣಗಿಯೇ ಇರುತ್ತದೆ, ಬೆನ್ನ ಹಿಂದೆ ದಾರಿ ಹೋಗಿರುತ್ತದೆ.

ಕಡಲ ಕಾವಲಿನವರಿಗೆ ಫೋನ್ ಮಾಡಿದೆ. ದೋಣಿ ಹೊರಡುತ್ತದೆ, ಮಂಜಿನಲ್ಲಿ ಒಂದು ಗಂಟೆಯಾದರೂ ಬೇಕು, ನೀವು ದಡದಲ್ಲೇ ಇರಿ ಅಂದರು. ಲಾಕ್ಲನ್ನನ ಬಳಿ ಫೋನಿಲ್ಲ. ಹಕ್ಕಿಗಳು ಬೆದರುತ್ತವಂತೆ.

ದಡಕ್ಕೆ ಓಡುವ ದಾರಿಯಲ್ಲಿ ಅಂಚೆಯ ವ್ಯಾನು ಅಡ್ಡ ಬಂತು. ಅದನ್ನು ಓಡಿಸುವ ಕೆನೀನಾ ನನ್ನ ಜೊತೆ ಓದಿದವಳು. ನನ್ನ ಬರಿಗಾಲು ಕಂಡು ಕಿಟಕಿ ಇಳಿಸಿದಳು.

"ಏನೇ ಇದು ವೇಷ? ಮನೆಗೆ ಬೆಂಕಿ ಬಿದ್ದಿದ್ಯಾ?"

"ಪೇಗಿ ಮರಳಲ್ಲಿದಾಳೆ. ಲಾಕ್ಲನ್ ಜೊತೆ. ಗಂಟೆ ತಪ್ಪಾಗಿದೆ."

ಅವಳು ನನ್ನನ್ನು ಹತ್ತಿಸಿಕೊಂಡಳು. ವ್ಯಾನನ್ನು ದಡದ ಹುಲ್ಲಿನ ತುದಿಗೆ ತಂದು ನಿಲ್ಲಿಸಿ ಹಾರನ್ ಒತ್ತಿದಳು. ಮೂರು ಸಲ, ತಡೆದು, ಮತ್ತೆ ಮೂರು ಸಲ. ಮಂಜು ಆ ಸದ್ದನ್ನು ನುಂಗಿ ಬೇರೆಲ್ಲಿಂದಲೋ ಉಗುಳುತ್ತಿತ್ತು.

"ನೀನ್ ಇಳೀಬೇಡ ಕಿರ್ಸ್ಟಿ. ದೋಣಿ ಬರುತ್ತೆ."

"ದೋಣಿ ಬರೋ ಹೊತ್ತಿಗೆ ನೀರು ಅವಳ ತಲೆ ಮೇಲಿರುತ್ತೆ."

"ನಿನ್ನ ತಲೇಲಿ ಏನಿದೆ, ಕಡಲಪಾಚಿನಾ? ಇಬ್ಬರ ಬದಲು ಮೂವರನ್ನ ಹುಡುಕ್ಬೇಕಾ ಅವರು?"

"ಹಾರನ್ ನಿಲ್ಲಿಸ್ಬೇಡ," ಎಂದು ಮರಳಿಗೆ ಇಳಿದೆ.

ಕಾಲುವೆ ಮೊಣಕಾಲಿಗೆ ಬಂದಿತ್ತು. ಹರಿವಿಗೆ ಅಷ್ಟರಲ್ಲೇ ಎಳೆಯುವ ಶಕ್ತಿ ಇತ್ತು. ಆಚೆ ಮರಳು ಒದ್ದೆ, ಗಟ್ಟಿ. ಅಲ್ಲಿ ಹೆಜ್ಜೆಗಳು ಸಿಕ್ಕವು: ಲಾಕ್ಲನ್ನನ ದೊಡ್ಡ ಬೂಟು, ಪಕ್ಕದಲ್ಲಿ ಊರುಗೋಲಿನ ತೂತು, ಅದರ ಪಕ್ಕ ಪೇಗಿಯ ಚಿಕ್ಕ ಹೆಜ್ಜೆ, ಒಂದೆರಡು ಕಡೆ ಕುಪ್ಪಳಿಸಿದ ಗುರುತು. ಎಲ್ಲ ಹೆಜ್ಜೆಯೂ ಓರಸೆಯ ಕಡೆಗೆ. ಒಂದೂ ಮನೆಯ ಕಡೆಗಿಲ್ಲ. ನಾನು ಬಗ್ಗಿ ಆ ಹೆಜ್ಜೆಗಳನ್ನೇ ಹಿಡಿದು ನಡೆದೆ, ಅವಳ ಹೆಸರು ಕೂಗುತ್ತ. ನನ್ನ ಕೂಗು ಮೂಗಿನ ತುದಿಯಲ್ಲೇ ಸಾಯುತ್ತಿತ್ತು.

ಎಷ್ಟು ನಡೆದೆನೋ. ಆಮೇಲೆ ಹೆಜ್ಜೆಗಳೊಳಗೆ ನೀರು ತುಂಬಿ ಹೊಳೆಯತೊಡಗಿತು. ನೋಡುತ್ತಿದ್ದಂತೆ ತೆಳ್ಳನೆ ನೀರಿನ ಪದರವೊಂದು ಸದ್ದಿಲ್ಲದೆ ಸರಿದು ಬಂದು, ಮಗುವಿನ ಕಾಲ್ಗುರುತನ್ನು ಮುಚ್ಚಿ, ನನ್ನ ಪಾದ ದಾಟಿ ಹೋಯಿತು. ಸುತ್ತಲೂ ಬಿಳುಪು. ನೆಲವೂ ಬಿಳಿ, ಆಕಾಶವೂ ಬಿಳಿ. ಹಿಂದೆ ಎಲ್ಲೋ ಕೆನೀನಾಳ ಹಾರನ್ನು, ಆದರೆ ಹಿಂದೆ ಅನ್ನುವುದು ಯಾವ ಕಡೆ?

ಮಂಜಿನಲ್ಲಿ ನೆಟ್ಟಗೆ ನಡೆಯಲು ಯಾರಿಂದಲೂ ಆಗದು. ಲಾಕ್ಲನ್ ದಾಟುವುದು ದೂರದ ಎರಡು ಬಂಡೆಗಳು ಒಂದೇ ಸಾಲಿನಲ್ಲಿ ಕಾಣುವಂತೆ ಕಣ್ಣಿಟ್ಟು. ಬಂಡೆ ಕಾಣದಿದ್ದರೆ ಅವನೂ ನನ್ನಂತೆಯೇ. ಬಲಕ್ಕೋ ಎಡಕ್ಕೋ ಐವತ್ತು ಮಾರು ದೂರದಲ್ಲಿ ಅವರು ಹೀಗೇ ನಿಂತಿದ್ದರೆ? ಪೇಗಿ ನನ್ನ ಎದೆಮಟ್ಟಕ್ಕೆ ಬರುತ್ತಾಳೆ. ನನ್ನ ಕಣಕಾಲಿಗೆ ಬಂದ ನೀರು ಅವಳಿಗೆ ಎಲ್ಲಿಗೆ ಎಂದು ಮನಸ್ಸು ಅಳೆಯತೊಡಗಿತು. ನಿಲ್ಲಿಸಲು ಆಗಲಿಲ್ಲ.

ಆಗ ಟಿಟ್ಟಿಭಗಳು ಕೂಗಿದವು.

ಮುಂದೆ, ಎತ್ತರದಲ್ಲಿ, ಓರಸೆಯ ಹುಲ್ಲಿನ ಮೇಲೆಯೇ ಇರಬೇಕು. ಒಂದಲ್ಲ, ಹತ್ತಾರು. ಪೀ-ವಿತ್, ಪೀ-ವಿತ್ ಎಂದು ಬಿಡದೆ, ಉಸಿರು ತೆಗೆದುಕೊಳ್ಳದೆ, ಮೇಲೆ ಕೆಳಗೆ. ಯಾರೋ ಗೂಡುಗಳ ನಡುವೆ ನಡೆಯುತ್ತಿದ್ದಾರೆ. ಬೆಳಿಗ್ಗೆ ಮಗು ಹೇಳಿದ್ದು ನೆನಪಾಯಿತು: ಮನುಷ್ಯ ಬಂದರೆ ಟಿಟ್ಟಿಭ ಬಿಡದೆ ಬಯ್ಯುತ್ತದೆ. ಹೌದು, ಹಾಗೇ ಹೇಳಿದ್ದಳು. ಅಂದರೆ ಅವರು ಓರಸೆಯ ಮೇಲಿದ್ದಾರೆ. ಮರಳಿಗೆ ಇಳಿದೇ ಇಲ್ಲ. ಒಣನೆಲದಲ್ಲಿದ್ದಾರೆ.

ಆ ಕೂಗಿಗೆ ಬೆನ್ನು ಮಾಡಿದೆ. ಬದುಕಿನಲ್ಲಿ ನಾನು ಮಾಡಿದ ಅತಿ ಭಾರದ ಕೆಲಸ ಅದು, ಅರ್ಧ ಸುತ್ತು ತಿರುಗುವುದು. ಟಿಟ್ಟಿಭ ಬೆನ್ನಿಗೆ, ಹಾರನ್ ಎದೆಗೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಓಡಿದೆ. ಕಾಲುವೆ ಎದೆಮಟ್ಟ ಬಂದಿತ್ತು. ನಡುವೆ ಒಮ್ಮೆ ಕಾಲು ನೆಲಕ್ಕೆ ಸಿಗಲಿಲ್ಲ, ಬಾಯಿಗೆ ಉಪ್ಪುನೀರು ನುಗ್ಗಿತು. ಕೆನೀನಾ ಅಂಚೆಯ ಚೀಲ ಕಟ್ಟುವ ಹಗ್ಗ ಎಸೆದಳು, ಎರಡನೆಯ ಸಲಕ್ಕೆ ಸಿಕ್ಕಿತು.

"ಸಿಕ್ಕಿದ್ರಾ?"

"ಓರಸೆಲಿದಾರೆ."

"ನೋಡ್ದ್ಯಾ?"

"ಕೇಳಿದೆ."

 ಅವಳು ತನ್ನ ಅಂಚೆಯ ಕೋಟು ಹೊದಿಸಿ ಹೀಟರ್ ಹಾಕಿದಳು. ಮುಂದಿನ ಎರಡೂವರೆ ಗಂಟೆ ನಾವು ಆ ವ್ಯಾನಿನಲ್ಲಿ ಕುಳಿತಿದ್ದೆವು. ಗಾಜಿನಾಚೆ ನೀರು ಏರುವ ಸದ್ದು. ಕೇಳಿದೆ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಹೇಳಿದಷ್ಟೂ ಆ ಮಾತು ಸವೆಯುತ್ತಿತ್ತು.

ಆರಕ್ಕೆ ದೋಣಿ ಬಂತು. ಕಿತ್ತಳೆ ಬಣ್ಣದ ಅಂಗಿಯವನೊಬ್ಬ ಪೇಗಿಯನ್ನು ಎತ್ತಿ ನನ್ನ ಕೈಗಿಟ್ಟ. ಮೈ ಒಣಗಿಯೇ ಇತ್ತು. ಕೂದಲಲ್ಲಿ ಕುರಿಯ ವಾಸನೆ.

"ಎಂಟುನೂರ ಹನ್ನೆರಡು ಹೆಬ್ಬಾತು ಅಮ್ಮಾ! ನೀನ್ಯಾಕೆ ಒದ್ದೆ?"

ಲಾಕ್ಲನ್ ನನ್ನ ಮುಖ ನೋಡಲಿಲ್ಲ. ಅಡುಗೆಮನೆಯ ಬೆಂಕಿಯ ಮುಂದೆ ಕುಳಿತ ಮೇಲೆ ಮಾತಾಡಿದ.

"ಎರಡೂಕಾಲಿಗೆ, ಮರಳಲ್ಲಿ ಮೇಯ್ತಿದ್ದ ಚಿಪ್ಪುಹಕ್ಕಿಗಳು ಬಂಡೆ ಹತ್ತಿ ಸಾಲಾಗಿ ಕೂತ್ವು. ನೀರು ಏರ್ತಾ ಇದ್ರೇನೇ ಅವು ಹಾಗೆ ಕೂರೋದು. ನನ್ನ ಗಡಿಯಾರ ನೋಡಿದ್ರೆ ಇನ್ನೂ ಟೈಮಿದೆ ಅಂತಿತ್ತು. ಹೊರಡೋಣ ಅಂತ ಚೀಲ ಹೆಗಲಿಗೆ ಹಾಕಿದ್ದೆ ಕಣಮ್ಮ. ಆಮೇಲೆ ಅನ್ನಿಸ್ತು, ಹಕ್ಕಿ ಗಂಟೆ ಸೇರಿಸಲ್ಲ, ಕಳೆಯಲ್ಲ. ಅಲ್ಲಿನ ಕುರಿದೊಡ್ಡೀಲೇ ಕೂತ್ಬಿಟ್ವಿ."

"ನಾನೇ ಸೇರಿಸಿ ಬರೆದಿದ್ದೆ," ಎಂದೆ.

ಅವನು ಚಹಾದ ಬಟ್ಟಲನ್ನು ತಟ್ಟೆಗಿಟ್ಟ.

"ನಿನ್ನತ್ತೆ ಆಗಿದ್ರೆ ಇಬ್ಬರಿಗೂ ಪೊರಕೇಲಿ ಬಾರಿಸ್ತಿದ್ಲು," ಎಂದ. ನಗಲು ನೋಡಿದ, ಆಗಲಿಲ್ಲ. 

ಪೇಗಿ ನನ್ನ ತೊಡೆಯ ಮೇಲೆ ಕುಳಿತು ಬೆಣ್ಣೆ ಸವರಿದ ರೊಟ್ಟಿ ತಿನ್ನುತ್ತಿದ್ದಳು. "ಮರಳಿಗೆ ಬಂದಿದ್ಯಂತೆ. ಮತ್ತೆ ವಾಪಸ್ ಯಾಕೆ ಹೋದೆ?"

"ಟಿಟ್ಟಿಭ ಬಯ್ಯೋದು ಕೇಳಿಸ್ತು ಚಿನ್ನಾ. ನೀವು ಗೂಡಿನ ಹತ್ತಿರ ಓಡಾಡ್ತಿದೀರ ಅಂತ ಗೊತ್ತಾಯ್ತು."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ನಾವ್ ಗೂಡಿನ ಹತ್ರ ಹೋಗ್ಲೇ ಇಲ್ಲ. ಅಜ್ಜ ಬಿಡಲ್ಲ." ಕೈ ಒರೆಸಿಕೊಂಡು ಲಾಕ್ಲನ್ನನ ನೋಟ್‌ಬುಕ್ಕು ತೆಗೆದು ತೋರಿಸಿದಳು. ಹೆಬ್ಬಾತಿನ ಲೆಕ್ಕದ ಕೆಳಗೆ, ಪೆನ್ಸಿಲಿನಲ್ಲಿ: ಮೂರು ಇಪ್ಪತ್ತು. ಕಾಡುಕಾಗೆ, ಎರಡು. ಮೊಟ್ಟೆ ಹೋಯಿತು.

"ಅದು ಕಾಗೆಗೆ ಬಯ್ದಿದ್ದು. ಬೆಳಿಗ್ಗೇನೇ ಹೇಳಿದ್ನಲ್ಲಮ್ಮಾ."

ಲಾಕ್ಲನ್ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಅರ್ಥವಾಯಿತು. ಕಾಗೆ ಮೊಟ್ಟೆಗೆ ಬಂದದ್ದಕ್ಕೂ ನನ್ನ ಮಗು ಎಲ್ಲಿದ್ದಳು ಅನ್ನುವುದಕ್ಕೂ ಏನೂ ಸಂಬಂಧವಿರಲಿಲ್ಲ. ಅವಳು ನನ್ನಿಂದ ಐವತ್ತು ಮಾರು ದೂರದಲ್ಲಿ ನೀರೊಳಗೆ ನಿಂತಿದ್ದರೂ ಅವು ಹಾಗೇ ಕೂಗುತ್ತಿದ್ದವು, ನಾನೂ ಹಾಗೇ ತಿರುಗಿ ಬರುತ್ತಿದ್ದೆ.

"ಇನ್ನೊಂದ್ಸಲ ಹೇಳು," ಎಂದೆ.

"ಮನುಷ್ಯ ಬಂದ್ರೆ ಸುಮ್ನೆ ಓಡುತ್ತೆ. ದೂರ ಹೋಗಿ ಎರಡೇ ಸಲ ಕೂಗುತ್ತೆ. ಕಾಗೆ ಬಂದ್ರೆ ಬಿಡದೆ ಬಯ್ಯುತ್ತೆ."

"ಇನ್ನೊಂದ್ಸಲ."

"ಅಮ್ಮಾ, ಕೈ ನೋಯ್ತಿದೆ. ಬಿಡು."

ನಾನು ಅವಳ ಮಣಿಕಟ್ಟನ್ನು ಹಿಡಿದಿದ್ದೆ. ಬಿಡಲು ನೋಡಿದೆ. ಸ್ವಲ್ಪ ಹೊತ್ತು ಬೇಕಾಯಿತು.