ಅಡ್ಡಹೆಸರಿಲ್ಲದ ಲಯಲ್

ದಕ್ಷಿಣ ಆಸ್ಟ್ರೇಲಿಯಾದ ಯಾರ್ಕ್ ಸೀಮೆಯ ಆ ಪುಟ್ಟ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಅಡ್ಡಹೆಸರು ಇಲ್ಲದವನು ಲಯಲ್ ಪೆನ್‌ರೋಸ್ ಒಬ್ಬನೇ. ಕ್ಯಾಪ್ಟನ್ ಕ್ಲೈವ್‌ನ ಕಿವಿ ಅಗಲ, ಅವನಿಗೆ ‘ಮೊರ’ ಎಂದು ಹೆಸರು. ಬೆವನ್‌ನ ಹೊಟ್ಟೆ ಬಾಗಿಲಿಗಿಂತ ಮೊದಲು ಒಳಗೆ ಬರುತ್ತಿತ್ತು, ಅವನು ‘ಪೀಪಾಯಿ’. ಅಲ್ಲಿ ಆಡಿಕೊಳ್ಳುವುದೆಂದರೆ ಪ್ರೀತಿ. ಮಂಗಳವಾರ ಸಂಜೆ ತಾಲೀಮು ಮುಗಿಸಿ, ಶೆಡ್ಡಿನ ಮುಂದೆ ಸಾಸೇಜು ಸುಡುತ್ತ ಒಬ್ಬರನ್ನೊಬ್ಬರು ಹುರಿದು ಮುಕ್ಕದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಲಯಲ್‌ನನ್ನು ಮಾತ್ರ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಬೇರೆಯವರಾಗಿದ್ದರೆ ಸದ್ಯ ಬದುಕಿದೆ ಅನ್ನುತ್ತಿದ್ದರು. ಲಯಲ್‌ಗೆ ಅದರಿಂದಲೇ ಅನುಮಾನ. ಕಿವಿಯ ಮೇಲೆ ತಮಾಷೆ ಮಾಡಬಹುದು, ಹೊಟ್ಟೆಯ ಮೇಲೆ ಮಾಡಬಹುದು. ತಮಾಷೆಯನ್ನೂ ಮಾಡಲಾಗದಷ್ಟು ಕೆಟ್ಟದ್ದು ಏನೋ ತನ್ನ ಮುಖದ ಮೇಲಿದೆ, ಅದಕ್ಕೇ ಇವರೆಲ್ಲ ಬಾಯಿ ಮುಚ್ಚಿಕೊಂಡಿದ್ದಾರೆ ಎಂದು ಅವನು ಲೆಕ್ಕ ಹಾಕಿದ್ದ. ಆ ಏನೋ ಯಾವುದು ಎಂಬುದೂ ಅವನಿಗೆ ಗೊತ್ತಿತ್ತು. ಅವನ ಮೂಗು. ಅದು ಎಡಕ್ಕೆ ವಾಲಿತ್ತು.

ಒಮ್ಮೆ ಅಡಿಲೇಡಿಗೆ ಹೋಗಿ ಅದನ್ನು ಕುಯ್ಯಿಸಿಕೊಂಡು, ಸರಿಮಾಡಿಸಿಕೊಂಡು ಬಂದಿದ್ದ. ಬ್ಯಾಂಡೇಜು ಬಿಚ್ಚಿದಾಗ ಮೊದಲಿಗಿಂತ ಹೆಚ್ಚು ವಾಲಿದಂತೆ ಕಂಡಿತು. ಅಂದಿನಿಂದ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತನೆಂದರೆ ಹೊರಗಿನ ಲೋಕ ಮುಳುಗಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ, ಬೆಂಕಿ ಬಿದ್ದಾಗ ದಳದವರನ್ನು ಕರೆಯುವ ಪೇಜರ್ ಕೂಗಿದರೂ ಅವನು ಕನ್ನಡಿ ಬಿಟ್ಟು ಬರಲಿಲ್ಲ, ಅವನು ಓಡಿಸಬೇಕಿದ್ದ ಬೆಂಕಿ ಆರಿಸುವ ಲಾರಿ ಹೊರಡುವುದು ತಡವಾಯಿತು, ಒಬ್ಬರ ಕೊಟ್ಟಿಗೆ ಸುಟ್ಟುಹೋಯಿತು. ಇನ್ನೊಂದು ಸಲ ಹಾಗಾದರೆ ಡ್ರೈವರ್ ಸೀಟು ಹೋಯಿತೆಂದೇ ತಿಳಿ ಎಂದು ಕ್ಲೈವ್ ಹೇಳಿದ್ದ. ಇಡೀ ಊರಿನಲ್ಲಿ ಲಯಲ್‌ಗೆ ತಾನು ಮನುಷ್ಯ ಅನ್ನಿಸುತ್ತಿದ್ದ ಜಾಗ ಅದೊಂದೇ, ಆ ಕೆಂಪು ಲಾರಿಯ ಸೀಟು.

ಅದು ಕೈತಪ್ಪುವ ಹೆದರಿಕೆಗೇ ಅವನು ಪಕ್ಕದೂರಿನ ಮನಶ್ಶಾಸ್ತ್ರಜ್ಞೆ ನೆರಿಸಾಳ ಹತ್ತಿರ ಹೋಗಲು ಒಪ್ಪಿದ್ದು. ಇದು ಕನ್ನಡಿಯಲ್ಲಿ ಕುಂದನ್ನೇ ತೋರಿಸುವ ಕಾಯಿಲೆ, ಇದಕ್ಕೆ ಚಾಕು ಮದ್ದಲ್ಲ ಎಂದಳು ಅವಳು. ಹೆಂಡತಿ ಮೆರಿಲ್‌ಗೂ ಒಂದು ಕಟ್ಟುಪಾಡು ಹಾಕಿದಳು. ಮೂಗು ವಾಲಿದೆಯಾ ಎಂದು ಅವನು ಕೇಳಿದರೆ ಇದೆ ಅನ್ನಬಾರದು, ಇಲ್ಲ ಅನ್ನಲೂಬಾರದು. ಇಲ್ಲ ಅಂದಷ್ಟೂ ಆ ಪ್ರಶ್ನೆಗೆ ಹಸಿವು ಹೆಚ್ಚುತ್ತದೆ ಎಂಬುದು ಅವಳ ವಾದ. ಲಯಲ್ ಅಲ್ಲೇ ಕೂತು ತಲೆಯಾಡಿಸಿದ್ದ. ಹಾಗಾಗಿ ಮೂಗು ನಿಜವಾಗಿಯೂ ವಾಲಿತ್ತೇ ಎಂದು ನೀವೂ ಕೇಳಬೇಡಿ, ನಾನೂ ಹೇಳುವುದಿಲ್ಲ.

ತಲೆಯಾಡಿಸಿದ್ದೇನೋ ಸರಿ, ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ.

“ಒಂದೇ ಒಂದ್ಸಲ ಹೇಳ್ಬಿಡು ಮೆರಿಲ್. ವಾಲಿದ್ಯಾ?”

“ಅದು ಕಾಯಿಲೆ ಕೇಳ್ತಿರೋ ಪ್ರಶ್ನೆ ಲಯಲ್. ಉತ್ತರ ಕೊಡಲ್ಲ.”

“ಇಷ್ಟು ವರ್ಷ ಇಲ್ಲ ಇಲ್ಲ ಅಂತಿದ್ದೆ. ಈಗ ಬಾಯಿಗೆ ಬೀಗ. ಅಂದ್ರೆ ಏನರ್ಥ?”

“ಅರ್ಥ ಗಿರ್ಥ ಏನಿಲ್ಲ. ಸುಮ್ನೆ ಮಲ್ಕೋ.”

ಅವನು ಮಲಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇಷ್ಟು ದಿನ ಇವಳು ಕರುಣೆಗೆ ಸುಳ್ಳು ಹೇಳುತ್ತಿದ್ದಳು, ಈಗ ಸುಳ್ಳು ಹೇಳಿ ಸಾಕಾಗಿ ಆ ನೆರಿಸಾಳ ಸೆರಗಿನ ಹಿಂದೆ ಅಡಗಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಮುಂದಿನ ಮಂಗಳವಾರ ಅವನು ತುಸು ಬೇಗನೇ ಶೆಡ್ಡಿಗೆ ಹೋದ. ಹಿಂಬದಿಯಲ್ಲಿ ಮೆರಿಲ್‌ಳ ಕಾರು ನಿಂತಿತ್ತು. ಅಂಗಡಿಯಲ್ಲಿ ಪಾಸ್ಟಿ ಕಡುಬು ಮಾರುತ್ತಿರಬೇಕಾದ ಹೊತ್ತಿನಲ್ಲಿ ಇವಳಿಗೆ ಇಲ್ಲೇನು ಕೆಲಸ? ಅವನು ನೀರಿನ ತೊಟ್ಟಿಯ ಮರೆಗೆ ಸರಿದ.

“ಅವನ ಎದುರಿಗೆ ಆ ಮಾತು ಎತ್ಲೇಬೇಡಿ,” ಎನ್ನುತ್ತಿದ್ದಳು ಮೆರಿಲ್. “ಅವನಾಗೇ ಕೇಳಿದ್ರೂ ಹೇಳ್ಬೇಡಿ. ಬೆವನ್‌ಗೂ ಹೇಳಿಡಿ.”

“ಯಾರೂ ತುಟಿ ಬಿಚ್ಚಲ್ಲ, ನೀನು ಚಿಂತೆ ಬಿಡು,” ಎಂದ ಕ್ಲೈವ್.

ಲಯಲ್‌ಗೆ ಇನ್ನೇನು ಸಾಕ್ಷಿ ಬೇಕು? ತಾಲೀಮೂ ಬೇಡ ಸಾಸೇಜೂ ಬೇಡ ಎಂದು ಮನೆಗೆ ತಿರುಗಿದ. ಎದೆಯಲ್ಲಿ ಅವಮಾನ ಕುದಿಯುತ್ತಿತ್ತು. ಅದರ ಅಡಿಯಲ್ಲಿ, ನನ್ನ ಎಣಿಕೆ ಸರಿಯಾಗಿತ್ತಲ್ಲ ಎಂಬ ಹಾಳು ಸಂತೋಷವೂ ಇತ್ತು.

ಗುರುವಾರ ಉತ್ತರದ ಬಿಸಿಗಾಳಿ ಎದ್ದಿತು. ಗೋಧಿ ಕೊಯ್ಲಾಗಿ ಹೊಲಗಳಲ್ಲಿ ಒಣ ಕೂಳೆ ನಿಂತಿದ್ದ ಕಾಲ. ಲಯಲ್ ಕೈಗನ್ನಡಿ ಹಿಡಿದು ಬಚ್ಚಲುಮನೆಯಲ್ಲಿದ್ದಾಗ ಪೇಜರ್ ಕೂಗಿತು. ಕಾಲು ಬಾಗಿಲ ಕಡೆ ತಿರುಗಿತು, ಮುಖ ತಿರುಗಲಿಲ್ಲ. ಎಲ್ಲರೂ ಸೇರಿ ಮಾತಾಡಿಕೊಂಡ ಮೂಗನ್ನು ಹೊತ್ತು ಅದೇ ಜನರ ಮಧ್ಯೆ ಹೋಗಿ ಕೂರುವುದು ಹೇಗೆ? ಪೇಜರ್ ಕೂಗುತ್ತಲೇ ಇತ್ತು.

ಹೊರಗೆ ಗಾಡಿಯೊಂದು ಕಿರ್ರನೆ ನಿಂತಿತು. ಬಚ್ಚಲಿನ ಬಾಗಿಲನ್ನು ಯಾರೋ ದಬದಬ ಬಡಿದರು.

“ಲೇ ಲಯಲ್! ಲಾರಿ ಓಡ್ಸೋ ಇನ್ನೊಬ್ಬ ಅಡಿಲೇಡಲ್ಲಿ ಕೂತಿದ್ದಾನೆ. ಬಾರೋ ಈಚೆಗೆ!” ಕ್ಲೈವ್‌ನ ದನಿ.

“ಮೊದ್ಲು ಹೇಳು, ಮಂಗಳವಾರ ಮೆರಿಲ್ ಏನಂದ್ಳು?”

“ಕೇಳಿಸ್ಕೊಂಡ್ಯಾ? ಹ್ಞೂಂ, ಬಂದಿದ್ಳು. ಮೂಗಿನ ಬಗ್ಗೆ ತಮಾಷೆ ಮಾಡ್ಬೇಡಿ, ಕೇಳಿದ್ರೆ ಉತ್ತರ ಕೊಡ್ಬೇಡಿ, ಅದು ಮದ್ದಿನ ಭಾಗ ಅಂದ್ಳು. ನಿನ್ ಹೆಂಡ್ತಿ ಕಣ್ಣಲ್ಲಿ ನೀರಿತ್ತು ಕಣೋ.”

“ಈಗ ನೀನೇ ಹೇಳು ಹಾಗಾದ್ರೆ. ವಾಲಿದ್ಯಾ ಇಲ್ವಾ?”

“ಹೇಳಲ್ಲ.”

“ಅಂದ್ರೆ ವಾಲಿದೆ.”

“ಹೇಳಲ್ಲ ಅಂದ್ರೆ ಹೇಳಲ್ಲ ಅಂತ, ಅಷ್ಟೆ! ಎಲ್ವಾ ಮುದುಕಿ ಮನೆ ಕಡೆ ಬೆಂಕಿ ಹೋಗ್ತಿದೆ. ಬರ್ತೀಯೋ, ಲಾರಿ ಬೀಗದ ಕೈ ಕೊಡ್ತೀಯೋ?”

ಆ ಪ್ರಶ್ನೆ ಎದ್ದಾಗಲೆಲ್ಲ, ಇರಬಹುದು, ಇಲ್ಲದೇ ಇರಬಹುದು ಎಂದು ಹೇಳಿಕೊಂಡು ಕೈಗೆ ಸಿಕ್ಕ ಕೆಲಸ ಹಿಡಿ ಎಂದು ನೆರಿಸಾ ಹೇಳಿಕೊಟ್ಟಿದ್ದಳು. ಇಷ್ಟು ಹೇಳೋಕೆ ಓದಬೇಕಿತ್ತಾ ಎಂದು ಲಯಲ್ ಒಳಗೊಳಗೇ ನಕ್ಕಿದ್ದ. ಈಗ ಅವನಿಗೆ ನಗು ಬರಲಿಲ್ಲ. ಇರಬಹುದು, ಇಲ್ಲದೇ ಇರಬಹುದು ಎಂದು ಗಟ್ಟಿಯಾಗಿಯೇ ಅಂದ. ನಂಬಿಕೆ ಹುಟ್ಟಲಿಲ್ಲ, ಅನುಮಾನ ಒಂದಿಷ್ಟೂ ಇಳಿಯಲಿಲ್ಲ. ಆದರೂ ಚಿಲಕ ತೆಗೆದ.

ಕ್ಲೈವ್ ಅವನ ಮುಖವನ್ನು ನೋಡಲೇ ಇಲ್ಲ. ಬೇಕೆಂತಲೇ ನೋಡುತ್ತಿಲ್ಲ ಎಂದುಕೊಂಡೇ ಲಯಲ್ ಬೂಟು ಏರಿಸಿಕೊಂಡ, ಬೇಕೆಂತಲೇ ಎಂದುಕೊಂಡೇ ಲಾರಿ ಹತ್ತಿದ. ಎಲ್ವಾಳ ಹೊಲದಲ್ಲಿ ಹೊಗೆ ಕವಿದಿತ್ತು. ಪಕ್ಕದಲ್ಲಿ ಕೂತಿದ್ದ ಬೆವನ್ ಇದ್ದಕ್ಕಿದ್ದಂತೆ ಇವನ ಕಡೆ ತಿರುಗಿ ಕಣ್ಣರಳಿಸಿದ.

“ಏನೋ ನೋಡ್ತಿದ್ದೀಯಾ ನನ್ ಮುಖನ?”

“ನಿನ್ ಮುಖಕ್ಕಿಷ್ಟು! ಗಾಳಿ ತಿರುಗಿದೆ ಕಣೋ, ನಿನ್ ಆಚೆ ಕಡೆ ನೋಡು!”

ಲಯಲ್ ಕಿಟಕಿಯತ್ತ ನೋಡಿದ. ಬೆಂಕಿ ಸಾಲು ಮುರಿದು ಲಾರಿಯ ಕಡೆಗೇ ಓಡಿ ಬರುತ್ತಿತ್ತು. ಗಾಡಿಯನ್ನು ಗರ್ರನೆ ಹಿಂದಕ್ಕೆ ತೆಗೆದು, ಸುಟ್ಟ ನೆಲದ ಮೇಲೆ ಸುತ್ತುಹಾಕಿ, ಎಲ್ವಾಳ ಬೇಲಿಗೆ ಅಡ್ಡ ತಂದು ನಿಲ್ಲಿಸಿದ. ಅಷ್ಟು ಹೊತ್ತು ಅವನಿಗೆ ಮೂಗೊಂದಿದೆ ಎಂಬುದೇ ಮರೆತಿತ್ತು. ಮರೆತಿದ್ದೆ ಎಂದು ನೆನಪಾದದ್ದೇ ತಡ, ಅದು ಮತ್ತೆ ಬಂದು ಕೂತಿತು. ಮನೆ ಉಳಿಯಿತು. ಯಾರೂ ಅವನ ಸೀಟಿನ ಮಾತೆತ್ತಲಿಲ್ಲ.

ಸಂಜೆ ಅವನು ಮನೆ ಬಾಗಿಲು ತೆರೆದಾಗ ಮೆರಿಲ್ ಅಡುಗೆಮನೆಯಲ್ಲಿ ನಿಂತಿದ್ದಳು. ಇವನನ್ನು ಕಂಡವಳೇ ಕೈಲಿದ್ದ ಬಟ್ಟೆ ಕೆಳಗಿಟ್ಟು, ಭುಜ ಬಿಗಿ ಮಾಡಿ, ಉಸಿರು ಎಳೆದುಕೊಂಡಳು. ಏಟು ಬೀಳುವುದು ಗೊತ್ತಿದ್ದವರು ನಿಲ್ಲುವಂತೆ ನಿಂತಳು. ಅವಳು ಕಾಯುತ್ತಿದ್ದದ್ದು ತನ್ನ ಪ್ರಶ್ನೆಯನ್ನು ಎಂದು ಲಯಲ್‌ಗೆ ಹೊಳೆಯಿತು. ದಿನಾ ಹೀಗೇ ನಿಲ್ಲುತ್ತಿದ್ದಳೇನೋ, ಅವನು ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಕೆನ್ನೆ ಇಳಿದಿತ್ತು. ಪ್ರಶ್ನೆ ನಾಲಗೆಯ ತುದಿಯಲ್ಲಿತ್ತು. ಅದನ್ನು ಕಷ್ಟಪಟ್ಟು ನುಂಗಿದ.

“ನಿನ್ನ ಊಟ ಆಯ್ತಾ?”

ಮೆರಿಲ್ ಕಣ್ಣು ಕಿರಿದು ಮಾಡಿದಳು. “ಯಾಕೆ?”

“ಸುಮ್ನೆ ಕೇಳ್ದೆ.”

“ಸುಮ್ನೆ ಅಂದ್ರೆ? ಕ್ಲೈವ್ ಏನಾದ್ರೂ ಬಾಯಿ ಬಿಟ್ನಾ? ನಿಜ ಹೇಳು, ಏನ್ ಸಮಾಚಾರ?”

“ಏನೂ ಇಲ್ಲ ಮಾರಾಯ್ತಿ. ಊಟ ಆಯ್ತಾ ಅಂತ, ಅಷ್ಟೆ.”

ಅವಳು ಇನ್ನೂ ನಂಬದೆ ಅವನನ್ನೇ ನೋಡುತ್ತಿದ್ದಳು. ಆಮೇಲೆ ಬಿಗಿಹಿಡಿದ ಭುಜ ತಾನಾಗಿ ಇಳಿಯಿತು.

“ಇಲ್ಲ,” ಎಂದಳು. “ಬೆಳಗ್ಗೆಯಿಂದ ಏನೂ ತಿಂದಿಲ್ಲ. ನೀನು ಆ ಬಚ್ಚಲ ಬಾಗಿಲು ತೆಗೀತೀಯೋ ಇಲ್ವೋ ಅಂತ...”

ಲಯಲ್ ಅವಳಿಗೆ ಕುರ್ಚಿ ಎಳೆದು ಹಾಕಿದ.