ಬೆವರಿಲ್ಲದ ಟೋಪಿ

ಸಂಜೆ ಕೆಲಸದಿಂದ ಬಂದು ಮಗುವಿನ ಟೋಪಿ ತೆಗೆದು ಒಳಗೆ ಬೆರಳಾಡಿಸಿದ ಸುಚಿತ್ರಾಳ ಕೈ ಅಲ್ಲೇ ನಿಂತಿತು. ಒಂದಿಷ್ಟೂ ಬೆವರಿಲ್ಲ. ದಿನವಿಡೀ ಮಗುವಿನ ತಲೆಯ ಮೇಲಿರಬೇಕಾದ ಹೆಲ್ಮೆಟ್ಟಿನಂಥ ಗಟ್ಟಿ ಪ್ಲಾಸ್ಟಿಕ್ ಟೋಪಿ ಈಗ ತಾನೇ ಅಂಗಡಿಯಿಂದ ತಂದ ಹಾಗಿತ್ತು. ಮಗುವಿನ ನೆತ್ತಿ ಮೂಸಿದಳು. ಹರಳೆಣ್ಣೆ ವಾಸನೆ.

ಹುಟ್ಟುವ ಮೊದಲೇ ಬುರುಡೆಯ ಮೂಳೆಗಳು ಬೆಸೆದುಕೊಂಡು ಕೂಸಿನ ತಲೆ ಉದ್ದುದ್ದ ಬೆಳೆಯುತ್ತಿತ್ತು. ಎಣ್ಣೆ ಹಚ್ಚಿ ಒತ್ತಿದರೆ ಸರಿಹೋಗುತ್ತದೆ ಎಂದು ಕೋಡಿಹಳ್ಳಿಯೆಲ್ಲ ಹೇಳಿತು. ಕೇಳದೆ, ಮೂರು ತಿಂಗಳು ತುಂಬುವ ಮೊದಲೇ ಬೆಂಗಳೂರಿನ ಆಸ್ಪತ್ರೆಗೆ ಹೊತ್ತೊಯ್ದವಳು ಅವಳೇ. ತಡಮಾಡಿದ್ದರೆ ಕಿವಿಯಿಂದ ಕಿವಿಗೆ ಕೊಯ್ಯಬೇಕಿತ್ತಂತೆ. ಎರಡೇ ಪುಟ್ಟ ಗಾಯ ಮಾಡಿ, ಒಳಗೆ ಸಣ್ಣ ಕ್ಯಾಮೆರಾ ತೂರಿಸಿ, ಬೆಸೆದ ಮೂಳೆ ತೆಗೆದರು. "ತಲೆ ದುಂಡಗೆ ಬೆಳೆಯೋ ಹಾಗೆ ಮಾಡೋ ಇನ್ನರ್ಧ ಕೆಲಸ ಈ ಟೋಪಿಯದ್ದು. ಸ್ನಾನಕ್ಕೆ ಬಿಟ್ಟು ತೆಗೀಬೇಡಿ, ತಲೆ ಒತ್ತಲೇಬೇಡಿ" ಎಂದಿದ್ದರು ಡಾಕ್ಟರು. ಹೆರಿಗೆ ರಜೆ ಮುಗಿದು ಹಾರೋಹಳ್ಳಿಯ ಫ್ಯಾಕ್ಟರಿಗೆ ಹೊರಟಾಗ ಅತ್ತೆ ಚಿನ್ನಮ್ಮನಿಗೆ ಅದನ್ನೇ ಹತ್ತು ಸಲ ಹೇಳಿದ್ದಳು.

"ಅತ್ತೆ, ಟೋಪಿ ಯಾವಾಗ ತೆಗುದ್ರಿ?"

"ಸೆಕೆ ಕಣವ್ವ. ಒಸಿ ಹೊತ್ತು ತೆಗುದಿದ್ದೆ."

"ಒಸಿ ಹೊತ್ತಾ? ನಾನು ಬಸ್ ಹತ್ತಿದ್ ತಕ್ಷಣ ತೆಗ್ದು, ಬರೋ ಹೊತ್ಗೆ ಹಾಕ್ತಿದ್ದೀರ. ತಲೇನೂ ಒತ್ತಿದ್ದೀರ!"

ಚಿನ್ನಮ್ಮನ ದನಿ ಏರಿತು. "ಊರೋರ್ಗೆ ಏನಂತ ಹೇಳ್ಲಿ? ಮೊಮ್ಮಗ ಯಾವಾಗ ಬೈಕ್ ಓಡಿಸ್ತಾನೆ ಅಂತ ನಗ್ತವ್ರೆ. ನನ್ ಮಕ್ಳಿಗೆಲ್ಲ ನಾನೇ ಒತ್ತಿ ತಲೆ ತಿದ್ಲಿಲ್ವಾ?"

"ಅವ್ವ ಬೇಕೂಂತ ಮಾಡುದ್ಲಾ? ಬುಡು ಅತ್ಲಾಗೆ" ಎಂದ ಗಂಡ ಮುನಿಕೃಷ್ಣ, ಮೊಬೈಲಿನಿಂದ ಕಣ್ಣೆತ್ತದೆ.

ಬಿಡಬೇಕಂತೆ! ಸುಚಿತ್ರಾಳಿಗೆ ಮೈಯೆಲ್ಲ ಉರಿಯಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಕೂಸನ್ನು ಕೊಟ್ಟು ಬರಿಗೈಲಿ ನಿಂತವಳು ಅವಳು. ಇವರಿಗೆ ಊರವರ ನಗು ಕಾಣುತ್ತದೆ, ಮಗುವಿನ ತಲೆ ಕಾಣುವುದಿಲ್ಲ.

"ಮತ್ತೆ ಹಂಗೇ ಬೆಳುದ್ರೆ? ಇನ್ನೊಂದ್ಸಲ ಮಗೀನ್ ತಲೆ ಕುಯ್ಸೋಕೆ ನಗೋರು ಬತ್ತಾರಾ?"

ಟೋಪಿಯನ್ನು ಮಗುವಿನ ತಲೆಗೆ ಹಾಕಿ ಪಟ್ಟಿ ಬಿಗಿದಳು.

ಮರುದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಜನ ಡೇರಿಗೆ ಹಾಲು ಹಾಕಲು ಹೋಗುವ ಹೊತ್ತಿಗೆ ಸರಿಯಾಗಿ, ಟೋಪಿ ಹಾಕಿದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಳು. ಪಕ್ಕದ ಮನೆಯ ಗಂಗಯ್ಯ ಕ್ಯಾನು ಹಿಡಿದು ನಿಂತ.

"ಏನವ್ವ, ಸವಾರಿ ಎತ್ಲಾಗೆ?"

"ತಲೆ ಆಪರೇಷನ್ ಆಗೈತೆ ಕಣಣ್ಣ. ನಗೋದಿದ್ರೆ ಇಲ್ಲೇ ನಕ್ಬುಟ್ಟು ಹೋಗಿ."

ಗಂಗಯ್ಯ ತಲೆ ತಗ್ಗಿಸಿ ನಡೆದ. ಒಳಗಿನಿಂದ ಚಿನ್ನಮ್ಮ ಬಾಗಿಲನ್ನು ಅರ್ಧ ಎಳೆದುಕೊಂಡಳು. ಮಗು ಚನ್ನಪಟ್ಟಣದ ಗಿಲಕಿಯಿಂದ ತನ್ನ ಟೋಪಿಗೇ ಬಡಿದು, ಸದ್ದಿಗೆ ಕೇಕೆ ಹಾಕಿ, ಮತ್ತೆ ಬಡಿಯಿತು. ಸುಚಿತ್ರಾ ತಡೆಯಲಿಲ್ಲ. ಟಕ್ ಟಕ್ ಸದ್ದು ಬೀದಿಯ ತುದಿಯವರೆಗೂ ಕೇಳುತ್ತಿತ್ತು.